ಆನೆ ಮಾತಾಡುವುದು ಗೊತ್ತಾದ ಬಗೆ

ಅಕ್ಷರ ಕಲಿಯುವ ಮಗುವಿಗೆ ಆನೆ ಬಹಳ ಬೇಗ ಸಿಗುತ್ತದೆ. ‘ಆ’ ಎಂದರೆ ಆನೆ ಎಂದು ಪುಸ್ತಕದ ಮೊದಲ ಪುಟದಲ್ಲೇ ಬಂದು ನಿಂತಿರುತ್ತದೆ. ಅಂಗನವಾಡಿಯ ಗೋಡೆಯ ಮೇಲೂ ಇರುತ್ತದೆ. ಆಮೇಲೆ ದೊಡ್ಡವರು ಕೇಳುವ ಪ್ರಶ್ನೆಗಳು ಶುರುವಾಗುತ್ತವೆ. ಹಸು ಏನನ್ನುತ್ತೆ? ಅಂಬಾ. ನಾಯಿ? ಬೌ ಬೌ. ಆನೆ? ಮಗು ಒಂದು ತೋಳನ್ನು ಮೂಗಿಗೆ ಆನಿಸಿ ಸೊಂಡಿಲು ಮಾಡಿಕೊಂಡು ಜೋರಾಗಿ ಘೀಳಿಡುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ.

ಮಗುವಿನ ಉತ್ತರ ತಪ್ಪಲ್ಲ. ಆದರೆ ಘೀಳಿಡುವುದು ಆನೆಯ ಮಾತಿನಲ್ಲಿ ಸಣ್ಣ ಪಾಲು. ಗಾಬರಿಯಾದಾಗ, ಸಿಟ್ಟು ಬಂದಾಗ, ಸಂಭ್ರಮ ತಡೆಯದಾದಾಗ ಅದು ಘೀಳಿಡುತ್ತದೆ. ಉಳಿದ ಹೊತ್ತಿನಲ್ಲಿ, ಮೇಯುವಾಗ, ನಡೆಯುವಾಗ, ಮರಿಯನ್ನು ಕರೆಯುವಾಗ, ದೂರದಲ್ಲಿರುವ ನೆಂಟರನ್ನು ವಿಚಾರಿಸುವಾಗ ಅದು ಮಾತಾಡುವುದು ತೀರ ತಗ್ಗು ದನಿಯಲ್ಲಿ. ಅದರಲ್ಲಿ ಒಂದು ಭಾಗ ಎಷ್ಟು ತಗ್ಗೆಂದರೆ ಮನುಷ್ಯರ ಕಿವಿಗೆ ಕೇಳುವುದೇ ಇಲ್ಲ. ಸಾವಿರಾರು ವರ್ಷಗಳಿಂದ ಆನೆಯನ್ನು ಪಳಗಿಸಿ, ಅದರ ಮೇಲೆ ಕೂತು ಯುದ್ಧ ಮಾಡಿ, ಅದರಿಂದ ಮರ ಎಳೆಸಿ, ಅದರ ಬೆನ್ನ ಮೇಲೆ ಅಂಬಾರಿ ಹೊರಿಸಿದ ಮನುಷ್ಯರಿಗೆ ಈ ಸಂಗತಿ ಅಳತೆಗೆ ಸಿಕ್ಕಿ ಖಚಿತವಾದದ್ದು 1984ರಲ್ಲಿ. ಚಿಕ್ಕ ಮಕ್ಕಳಿಗೆ ಆನೆಯನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ಕತೆ ನನಗೆ ಗೊತ್ತಿಲ್ಲ. ಇದನ್ನು ಹೇಳುತ್ತ ಹೋದರೆ ಆನೆಯ ಸಂಸಾರವೆಲ್ಲ ತಾನಾಗಿ ಕತೆಯೊಳಗೆ ಬರುತ್ತದೆ.

ಕತೆಯ ನಾಯಕಿ ಕೇಟಿ ಪೇನ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನವರು. ಅಲ್ಲಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಕಲಿತದ್ದು ಸಂಗೀತ, ಅದರ ಜೊತೆಗೆ ಜೀವಶಾಸ್ತ್ರ. ಆನೆಗಳ ಕಡೆ ತಿರುಗುವ ಮೊದಲು ವರ್ಷಗಟ್ಟಲೆ ಸಮುದ್ರದ ತಿಮಿಂಗಿಲಗಳ ಹಾಡನ್ನು ಕೇಳಿದವರು. ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡು ನಿಂತ ನೀರಲ್ಲ, ಅದು ಕಾಲ ಸರಿದಂತೆ ಬದಲಾಗುತ್ತದೆ, ಒಂದು ಕಡಲಿನ ಗಂಡುಗಳೆಲ್ಲ ಆ ಬದಲಾವಣೆಯನ್ನು ಒಟ್ಟಿಗೆ ಕಲಿಯುತ್ತವೆ ಎಂಬುದನ್ನು ತೋರಿಸಿದ ಕೆಲಸದಲ್ಲಿ ಅವರ ಪಾಲು ದೊಡ್ಡದು. ಹೊಸ ಪ್ರಾಣಿಯ ಮುಂದೆ ಹೋಗಿ ನಿಂತರೆ ಇಂಥವರು ಮೊದಲು ಮಾಡುವ ಕೆಲಸ ಕಿವಿಗೊಟ್ಟು ಕೇಳುವುದು.

1984ರ ಮೇ ತಿಂಗಳಲ್ಲಿ ಅವರು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರಕ್ಕೆ ಹೋದರು. ಅಲ್ಲಿನ ವಾಷಿಂಗ್ಟನ್ ಪಾರ್ಕ್ ಮೃಗಾಲಯದಲ್ಲಿ ಏಷ್ಯಾದ ಆನೆಗಳಿದ್ದವು, ನಾಗರಹೊಳೆಯಲ್ಲೂ ಬಂಡೀಪುರದಲ್ಲೂ ಇರುವ ಜಾತಿಯವೇ. ಸೆರೆಯಲ್ಲಿ ಆನೆ ಮರಿ ಹಾಕುವುದು ಅಪರೂಪವಾಗಿದ್ದ ಕಾಲದಲ್ಲಿ, 1962ರಲ್ಲಿ, ಪ್ಯಾಕಿ ಎಂಬ ಮರಿ ಇಲ್ಲಿ ಹುಟ್ಟಿ ದೊಡ್ಡ ಸುದ್ದಿಯಾಗಿತ್ತು. ಆಮೇಲೂ ಅಲ್ಲಿ ಮರಿಗಳು ಹುಟ್ಟುತ್ತಲೇ ಇದ್ದವು. ತಾಯಂದಿರು, ಮರಿಗಳು, ಗಂಡಾನೆಗಳು ಎಲ್ಲ ಒಂದೇ ಕಡೆ ನೋಡಲು ಸಿಗುತ್ತಿದ್ದವು. ಕೇಟಿ ಒಂದು ವಾರ ಅಲ್ಲಿದ್ದು, ಆನೆಗಳ ಬಳಿ ಕೂತು, ಅವು ಏನೇನು ಸದ್ದು ಮಾಡುತ್ತವೆ ಎಂದು ಗಮನಿಸಿದರು.

ಕಿವಿಗೆ ಕೇಳಿದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಘೀಳು, ಗೊರಗೊರ ಸದ್ದು, ಮರಿಗಳ ಕಿರುಚಾಟ. ಆದರೆ ಆನೆಗಳ ಹತ್ತಿರ ಇದ್ದಾಗ ಗಾಳಿಯಲ್ಲಿ ಏನೋ ಮಿಡಿದಂತೆ ಅವರಿಗೆ ಆಗಾಗ ಅನ್ನಿಸುತ್ತಿತ್ತು. ಸದ್ದು ಇಲ್ಲ, ಆದರೆ ಮೈಗೆ ಏನೋ ತಾಕುತ್ತಿದೆ. ಒಮ್ಮೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅದೇನೆಂದು ಅಲ್ಲಿದ್ದಾಗ ಹೊಳೆಯಲಿಲ್ಲ.

ಹೊಳೆದದ್ದು ಊರಿಗೆ ಮರಳುವ ವಿಮಾನದಲ್ಲಿ. ಹುಡುಗಿಯಾಗಿದ್ದಾಗ ಅವರು ಕಾರ್ನೆಲ್‌ನ ಪ್ರಾರ್ಥನಾ ಮಂದಿರದ ವೃಂದಗಾನದಲ್ಲಿ ಹಾಡುತ್ತಿದ್ದರು. ಒಮ್ಮೆ ಸಂಗೀತ ರಚನೆಕಾರ ಬಾಖ್‌ನ ದೊಡ್ಡ ಕೃತಿಯೊಂದನ್ನು ಹಾಡುವಾಗ ಅವರು ನಿಂತದ್ದು ಪೈಪ್ ಆರ್ಗನ್ ವಾದ್ಯದ ಅತಿ ದೊಡ್ಡ ಕೊಳವೆಯ ಹತ್ತಿರ. ಸ್ವರ ಕೆಳಗೆ ಕೆಳಗೆ ಇಳಿಯುತ್ತ ಹೋದಂತೆ ಒಂದು ಹಂತದಲ್ಲಿ ಅದು ಕಿವಿಗೆ ಕೇಳುವುದು ನಿಂತು, ಗಾಳಿಯ ಮಿಡಿತವಾಗಿ ಮೈಗೆ ಮಾತ್ರ ತಿಳಿಯುತ್ತಿತ್ತು. ಮೃಗಾಲಯದಲ್ಲಿ ತಾಕಿದ್ದು ಅದೇ ಬಗೆಯ ಮಿಡಿತ. ಹಾಗಿದ್ದರೆ ಆನೆಗಳು ನಮ್ಮ ಕಿವಿಯ ಮಿತಿಗಿಂತ ಕೆಳಗಿನ ದನಿಯಲ್ಲಿ ಕೂಗುತ್ತಿರಬಹುದೇ?

ಇಲ್ಲಿ ಕತೆಯನ್ನು ತುಸು ನಿಲ್ಲಿಸಿ ಮಕ್ಕಳಿಗೆ ಒಂದು ವಿಷಯ ತಿಳಿಸಬೇಕು. ಸದ್ದೆಂದರೆ ನಡುಕ. ಗಂಟಲು ನಡುಗುತ್ತದೆ, ಗಾಳಿ ನಡುಗುತ್ತದೆ, ಕಿವಿಯ ತಮಟೆ ನಡುಗುತ್ತದೆ. ಆ ನಡುಕ ಸೆಕೆಂಡಿಗೆ ಎಷ್ಟು ಸಲ ಆಗುತ್ತದೆ ಎಂಬುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಮನುಷ್ಯರ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಸೊಳ್ಳೆಯ ಗುಂಯ್ ಎನ್ನುವ ದನಿ ಏರಿದ್ದು, ಗುಡುಗಿನ ದನಿ ಇಳಿದದ್ದು. 20 ಹರ್ಟ್ಸ್‌ಗಿಂತ ಕೆಳಗೆ ಇಳಿದರೆ ಅದಕ್ಕೆ ಇನ್‌ಫ್ರಾಸೌಂಡ್ ಎನ್ನುತ್ತಾರೆ. ಮಗುವಿಗೆ ಇಷ್ಟು ಸಂಖ್ಯೆಗಳು ಬೇಡ. ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ಬಾಯಿ ಮುಚ್ಚಿ, ಆದಷ್ಟು ತಗ್ಗು ದನಿಯಲ್ಲಿ ‘ಮ್’ ಎನ್ನಲು ಹೇಳಿ. ಅಂಗೈಗೆ ನಡುಕ ಸಿಗುತ್ತದೆ. ಊರ ಜಾತ್ರೆಯಲ್ಲಿ ದೊಡ್ಡ ನಗಾರಿಯ ಪಕ್ಕ ನಿಂತಾಗ ಪೆಟ್ಟು ಕಿವಿಗಷ್ಟೇ ಅಲ್ಲ, ಹೊಟ್ಟೆಗೂ ಬಡಿಯುತ್ತದಲ್ಲ, ಕೇಟಿಗೆ ಆನೆಯ ಮುಂದೆ ಆದದ್ದು ಅಂಥದ್ದೇ ಅನುಭವ, ಆದರೆ ತೀರ ಮೆಲ್ಲಗೆ. ನಾಲ್ಕು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ.

ಅನ್ನಿಸಿದ ಮಾತ್ರಕ್ಕೆ ವಿಜ್ಞಾನವಾಗುವುದಿಲ್ಲ. ಅದೇ ವರ್ಷ ಕೇಟಿ ಮತ್ತೆ ಪೋರ್ಟ್‌ಲ್ಯಾಂಡ್‌ಗೆ ಹೋದರು. ಈ ಸಲ ಜೊತೆಗೆ ವಿಲಿಯಂ ಲ್ಯಾಂಗ್‌ಬಾವರ್ ಎಂಬ ಜೀವವಿಜ್ಞಾನಿ ಮತ್ತು ಎಲಿಜಬೆತ್ ಮಾರ್ಷಲ್ ಥಾಮಸ್ ಎಂಬ ಲೇಖಕಿ ಇದ್ದರು. ತಗ್ಗು ದನಿಯನ್ನು ಹಿಡಿಯಬಲ್ಲ ಧ್ವನಿಮುದ್ರಣ ಯಂತ್ರವೂ ಇತ್ತು. ಅವರ ಕೆಲಸದ ಕ್ರಮ ಸರಳ. ಯಂತ್ರ ತನ್ನ ಪಾಡಿಗೆ ಸುತ್ತುತ್ತಿರಬೇಕು. ಆ ಹೊತ್ತಿನಲ್ಲಿ ಯಾವ ಆನೆ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದನ್ನು ಗಡಿಯಾರ ನೋಡಿ ಬರೆದಿಡಬೇಕು. ಗಾಳಿಯಲ್ಲಿ ಮಿಡಿತ ತಾಕಿದರೆ ಅದನ್ನೂ ಗುರುತು ಹಾಕಿಕೊಳ್ಳಬೇಕು.

ಇಥಾಕಾಕ್ಕೆ ಮರಳಿ ಟೇಪನ್ನು ಹಾಕಿ ಕೇಳಿದರು. ಕೇಟಿ ಆರಿಸಿಕೊಂಡದ್ದು ತಮಗೆ ಮಿಡಿತ ಜೋರಾಗಿ ತಾಕಿದ್ದ ಹೊತ್ತಿನ ಭಾಗವನ್ನು. ಆಗ ಒಂದು ಹೆಣ್ಣಾನೆ ಮತ್ತು ಒಂದು ಗಂಡಾನೆ ಕಾಂಕ್ರೀಟ್ ಗೋಡೆಯ ಆ ಕಡೆ ಒಂದು, ಈ ಕಡೆ ಒಂದು, ಗೋಡೆಗೆ ಮುಖ ಮಾಡಿಕೊಂಡು ಸುಮ್ಮನೆ ನಿಂತಿದ್ದವು. ಮಾಮೂಲಿ ವೇಗದಲ್ಲಿ ಓಡಿಸಿದರೆ ಟೇಪಿನಲ್ಲಿ ಏನೂ ಇಲ್ಲ. ವೇಗವನ್ನು ಹತ್ತು ಪಟ್ಟು ಏರಿಸಿದರು. ಹಾಗೆ ಏರಿಸಿದಾಗ 14 ಹರ್ಟ್ಸ್‌ನ ದನಿ 140 ಆಗುತ್ತದೆ, 20 ಹರ್ಟ್ಸ್‌ನದು 200 ಆಗುತ್ತದೆ; ಅಂದರೆ ಮೂರು ಸ್ಥಾಯಿಗೂ ಮಿಕ್ಕಿ ಮೇಲೇರಿ ನಮ್ಮ ಕಿವಿಯ ಎಟುಕಿಗೆ ಬರುತ್ತದೆ. ಆಗ ಯಂತ್ರದಿಂದ ಹೊರಟದ್ದು ಹಸುಗಳು ಅಂಬಾ ಎಂದಂಥ ದನಿ. ಒಂದು ಕೂಗು, ಅದರ ಬೆನ್ನಿಗೆ ಇನ್ನೊಂದು. ಗೋಡೆಯ ಎರಡು ಬದಿಯಲ್ಲಿ ಮೌನವಾಗಿ ನಿಂತಿದ್ದಂತೆ ಕಂಡಿದ್ದ ಆನೆಗಳು ಅಷ್ಟೂ ಹೊತ್ತು ಮಾತಾಡಿಕೊಂಡಿದ್ದವು.

ಮೂವರೂ ಸೇರಿ ಬರೆದ ಸಂಶೋಧನಾ ಪ್ರಬಂಧ 1986ರಲ್ಲಿ ಪ್ರಕಟವಾಯಿತು. ಏಷ್ಯಾದ ಆನೆಯ ಈ ಕೂಗುಗಳು 14ರಿಂದ 24 ಹರ್ಟ್ಸ್‌ನ ನಡುವೆ ಇರುತ್ತವೆ, ಹತ್ತು ಹದಿನೈದು ಸೆಕೆಂಡ್ ಇರುತ್ತವೆ, ಮತ್ತು ಅವು ಕ್ಷೀಣವಾದ ದನಿಗಳೇನಲ್ಲ. ಹತ್ತಿರದಲ್ಲಿ ಅಳೆದರೆ 85ರಿಂದ 90 ಡೆಸಿಬೆಲ್‌ನಷ್ಟು ಬಲವಾಗಿರುತ್ತವೆ. ಅಷ್ಟು ಜೋರಾಗಿ ಎದುರಿಗೇ ಕೂಗುತ್ತಿದ್ದರೂ ನಮಗೆ ತಿಳಿಯದೆ ಹೋಗಿತ್ತು. ಕಣ್ಣಿಗೆ ಕಾಣುವ ಒಂದು ಕುರುಹನ್ನೂ ಅವರು ದಾಖಲಿಸಿದರು. ಈ ದನಿ ಹೊರಡುವಾಗ ಹಲವು ಸಲ ಆನೆಯ ಹಣೆಯ ಮೇಲೆ, ಸೊಂಡಿಲು ಶುರುವಾಗುವ ಜಾಗದಲ್ಲಿ, ಚರ್ಮ ಮೆಲ್ಲಗೆ ಅದುರುತ್ತದೆ.

ನಮ್ಮ ಕಡೆಯ ಒಬ್ಬರ ಹೆಸರನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಮದರಾಸಿನ ಎಂ. ಕೃಷ್ಣನ್ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆಯುತ್ತಿದ್ದ ದೊಡ್ಡ ವನ್ಯಜೀವಿ ಲೇಖಕರು, ಛಾಯಾಗ್ರಾಹಕರು. ನಲವತ್ತರ ದಶಕದಲ್ಲಿ ನಮ್ಮ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ಕೆಲಸದಲ್ಲಿದ್ದವರು. ದಕ್ಷಿಣ ಭಾರತದ ಕಾಡುಗಳಲ್ಲಿ ಕಾಡಾನೆಗಳನ್ನು ಹತ್ತಿರದಿಂದ, ತಾಳ್ಮೆಯಿಂದ ನೋಡಿದ ಅವರು, ನಮ್ಮ ಕಿವಿಗೆ ನಿಲುಕದ ತಗ್ಗು ದನಿಯಲ್ಲಿ ಆನೆಗಳು ಸಂಪರ್ಕ ಇಟ್ಟುಕೊಳ್ಳುವುದನ್ನು ಗುರುತಿಸಿ 1972ರಷ್ಟು ಹಿಂದೆಯೇ ಬರೆದಿದ್ದರು. ಅವರ ಕೈಯಲ್ಲಿ ಆ ದನಿಯನ್ನು ಹಿಡಿಯುವ ಯಂತ್ರ ಇರಲಿಲ್ಲ. ಹನ್ನೆರಡು ವರ್ಷಗಳ ಬಳಿಕ ಯಂತ್ರ ಹಿಡಿದವರು ಬೇರೆ ದೇಶದವರು. ಆದರೆ ಕಣ್ಣು ಕಿವಿ ತೆರೆದಿಟ್ಟುಕೊಂಡು ಕಾಡಿನಲ್ಲಿ ನಿಂತವರಿಗೆ ಏನು ತಿಳಿಯಬಲ್ಲದು ಎಂಬುದಕ್ಕೆ ಕೃಷ್ಣನ್ ಸಾಕ್ಷಿ. ನಮ್ಮ ಮಕ್ಕಳಿಗೆ ಈ ಕತೆ ಹೇಳುವಾಗ ಅವರನ್ನು ಬಿಡಬಾರದು.

ಮೃಗಾಲಯದಲ್ಲಿ ಸಿಕ್ಕ ಉತ್ತರ ಕಾಡಿನ ಒಂದು ಹಳೆಯ ಒಗಟಿಗೆ ಹೊಂದಿಕೊಂಡಿತು. ಜಿಂಬಾಬ್ವೆಯ ಸೆಂಗ್ವಾ ಎಂಬಲ್ಲಿ ರೋವನ್ ಮಾರ್ಟಿನ್ ಎಂಬ ವಿಜ್ಞಾನಿ ಎಪ್ಪತ್ತರ ದಶಕದಲ್ಲಿ ಆನೆಗಳಿಗೆ ರೇಡಿಯೊ ಕಾಲರ್ ತೊಡಿಸಿ ಅವುಗಳ ಓಡಾಟವನ್ನು ಹಿಂಬಾಲಿಸಿದ್ದರು. ಒಂದಕ್ಕೊಂದು ಕಾಣದಷ್ಟು ದೂರದಲ್ಲಿದ್ದ ಹಿಂಡುಗಳು ವಾರಗಟ್ಟಲೆ ಹೊಂದಾಣಿಕೆಯಿಂದ ಸಾಗುತ್ತಿದ್ದವು. ಒಂದು ದಿಕ್ಕು ಬದಲಿಸಿದರೆ ಇನ್ನೊಂದೂ ಬದಲಿಸುತ್ತಿತ್ತು. ವಾಸನೆಯಿಂದ ತಿಳಿಯುತ್ತದೆ ಎನ್ನೋಣವೆಂದರೆ ಗಾಳಿ ಬೇರೆ ಕಡೆ ಬೀಸುತ್ತಿದ್ದಾಗಲೂ ಹಾಗೇ ಆಗುತ್ತಿತ್ತು. ಇನ್ನೊಂದು ಒಗಟು ಗಂಡಾನೆಗಳದ್ದು. ಹೆಣ್ಣಾನೆ ಬೆದೆಗೆ ಬರುವುದು ಕೆಲವೇ ದಿನ. ಒಮ್ಮೆ ಬಸಿರಾದರೆ ಇಪ್ಪತ್ತೆರಡು ತಿಂಗಳು, ಆಮೇಲೆ ಮರಿಗೆ ಹಾಲೂಡುವ ವರ್ಷಗಳು. ಹಾಗಾಗಿ ಮುಂದಿನ ಬೆದೆ ಬರುವುದು ನಾಲ್ಕೈದು ವರ್ಷಗಳ ಮೇಲೆ. ಅಂಥ ನಾಲ್ಕು ದಿನಗಳಲ್ಲಿ ದೂರದ ಗಂಡುಗಳು ಹೇಗೋ ತಿಳಿದು ಬಂದು ಸೇರುತ್ತಿದ್ದವು. ದೂರ ಹೋಗುವ ದನಿ ಇದೆಯೆಂದರೆ ಇವೆರಡೂ ಬಿಡಿಸಬಹುದಾದ ಒಗಟುಗಳು.

ಕೇಟಿ ಮತ್ತು ಗೆಳೆಯರು ಆಫ್ರಿಕಾಕ್ಕೆ ಹೊರಟರು. ಮೊದಲು ಕೆನ್ಯಾದ ಅಂಬೊಸೆಲಿ. ಅಲ್ಲಿ ಸಿಂಥಿಯಾ ಮಾಸ್ 1972ರಿಂದ ಆನೆಗಳ ಮನೆತನಗಳನ್ನು ಒಂದೊಂದಾಗಿ ಗುರುತಿಸಿ, ಪ್ರತಿ ಆನೆಗೂ ಹೆಸರಿಟ್ಟು, ಹುಟ್ಟು ಸಾವು ಬರೆದಿಡುತ್ತ ಬಂದಿದ್ದರು. ಜೊತೆಗೆ ಜಾಯ್ಸ್ ಪೂಲ್ ಇದ್ದರು. ಆಫ್ರಿಕಾದ ಗಂಡಾನೆಗಳಿಗೂ ಮದ ಬರುತ್ತದೆ ಎಂಬುದನ್ನು ಇವರಿಬ್ಬರೂ 1981ರಲ್ಲಿ ಪ್ರಕಟಿಸಿದ್ದರು. ಕಾರ್ನೆಲ್‌ನವರ ಯಂತ್ರ, ಅಂಬೊಸೆಲಿಯವರ ಪರಿಚಯ, ಎರಡೂ ಕೂಡಿದವು. ದನಿ ಯಾವುದು ಎಂಬುದರ ಜೊತೆಗೆ, ಯಾರು ಯಾರಿಗೆ ಯಾವಾಗ ಹೇಳಿದ್ದು ಎಂಬುದೂ ತಿಳಿಯತೊಡಗಿತು.

ಆನೆ ಬದುಕುವ ಬಗೆಯನ್ನು ಮಗುವಿಗೆ ಹೇಳಲು ಇದೇ ಜಾಗ ಸರಿ. ಹಿಂಡೆಂದರೆ ಹೆಣ್ಣುಗಳ ಮನೆ. ಅಜ್ಜಿ ಯಜಮಾನಿ. ಅವಳ ಹೆಣ್ಣುಮಕ್ಕಳು, ಮೊಮ್ಮಕ್ಕಳು, ಮರಿಗಳಿಗೆ ದೊಡ್ಡಮ್ಮ ಚಿಕ್ಕಮ್ಮಂದಿರು, ಅಕ್ಕಂದಿರು. ಹೆಣ್ಣುಮರಿ ಬೆಳೆದರೂ ತವರು ಬಿಡುವುದಿಲ್ಲ. ಗಂಡುಮರಿ ಹನ್ನೆರಡು ಹದಿನೈದು ವರ್ಷದ ಸುಮಾರಿಗೆ ಮೆಲ್ಲಗೆ ಅಂಚಿಗೆ ಸರಿಯುತ್ತ, ಕಡೆಗೆ ಹೊರಟು ಹೋಗಿ ಬೇರೆ ಗಂಡುಗಳ ಜೊತೆಗೋ ಒಂಟಿಯಾಗಿಯೋ ಬದುಕುತ್ತದೆ. ಬರಗಾಲದಲ್ಲಿ ನೀರು ಎಲ್ಲಿ ಉಳಿದಿರುತ್ತದೆ, ಯಾವ ದಾರಿ ಸಲೀಸು, ಯಾರನ್ನು ನಂಬಬಹುದು, ಇವೆಲ್ಲ ಅಜ್ಜಿಯ ತಲೆಯಲ್ಲಿರುತ್ತವೆ. ಕ್ಯಾರೆನ್ ಮೆಕ್‌ಕೂಂಬ್ ಎಂಬ ವಿಜ್ಞಾನಿ ಅಂಬೊಸೆಲಿಯಲ್ಲೇ ಮುಂದೆ ಮಾಡಿದ ಪ್ರಯೋಗಗಳಲ್ಲಿ ಒಬ್ಬೊಬ್ಬ ಹೆಣ್ಣಾನೆ ಸುಮಾರು ನೂರು ಆನೆಗಳ ದನಿಯನ್ನು ಗುರುತಿಸಬಲ್ಲಳು ಎಂದು ತಿಳಿಯಿತು. ಅಜ್ಜಿಗೆ ವಯಸ್ಸಾದಷ್ಟೂ ನೆಂಟರ ದನಿ ಯಾವುದು, ಅಪರಿಚಿತರದು ಯಾವುದು ಎಂಬ ವಿವೇಚನೆ ಚೊಕ್ಕವಾಗಿರುತ್ತದೆ ಎಂದೂ ತಿಳಿಯಿತು.

ಈ ಮನೆಯ ದಿನಚರಿಯೆಲ್ಲ ತಗ್ಗು ದನಿಯ ಮಾತಿನಲ್ಲಿ ನಡೆಯುತ್ತದೆ. ಮೇವು ಮುಗಿಸಿ ಹೊರಡುವ ಹೊತ್ತಾದರೆ ಒಂದು ಆನೆ ತಾನು ಹೋಗಬೇಕೆಂದಿರುವ ದಿಕ್ಕಿಗೆ ಮೈ ತಿರುಗಿಸಿ ನಿಂತು ‘ಹೊರಡೋಣ’ ಎಂಬ ದನಿ ತೆಗೆಯುತ್ತದೆ. ಚದುರಿ ಮೇಯುವಾಗ ಒಬ್ಬಳು ಕರೆದು, ಕಿವಿ ಅರಳಿಸಿ, ತಲೆಯನ್ನು ಅತ್ತಿತ್ತ ತಿರುಗಿಸಿ ಉತ್ತರಕ್ಕೆ ಕಾಯುತ್ತಾಳೆ. ದೂರದಿಂದ ಉತ್ತರ ಬಂದರೆ ಮೈ ಸಡಿಲಿಸಿ ಮೇಯಲು ತೊಡಗುತ್ತಾಳೆ. ಅಗಲಿದ್ದ ಹಿಂಡಿನವರು ಮತ್ತೆ ಸೇರಿದಾಗ ಎಲ್ಲರೂ ಒಟ್ಟಿಗೆ ದನಿ ಎತ್ತಿ, ಕಿವಿ ಬಡಿದು, ಸೊಂಡಿಲು ಹೆಣೆದು, ಗಿರಗಿರ ತಿರುಗಿ ಸಂಭ್ರಮಿಸುತ್ತಾರೆ. ಮರಿ ಒಮ್ಮೆ ಅತ್ತರೆ ಸಾಕು, ತಾಯಿಯ ಜೊತೆ ಚಿಕ್ಕಮ್ಮಂದಿರೂ ಅಕ್ಕಂದಿರೂ ಓಡಿ ಬರುತ್ತಾರೆ. ಹುಟ್ಟುವಾಗಲೇ ನೂರು ಕಿಲೊ ಆಸುಪಾಸು ತೂಗುವ ಮರಿಗೆ ಇಷ್ಟೊಂದು ಜನರ ಕಾವಲು. ಅದಕ್ಕೆ ಸೊಂಡಿಲನ್ನು ಹೇಗೆ ಬಳಸಬೇಕೆಂದು ತಿಳಿಯಲು ತಿಂಗಳುಗಳು ಬೇಕು. ಆರಂಭದಲ್ಲಿ ಅದು ಅಲ್ಲಾಡುತ್ತದೆ, ಕಾಲಿಗೆ ಸಿಕ್ಕುತ್ತದೆ, ಕೆಲವೊಮ್ಮೆ ಮರಿ ಅದನ್ನು ಬೆರಳಿನಂತೆ ಚೀಪುತ್ತದೆ. ಹಾಲನ್ನು ಅದು ಸೊಂಡಿಲಿನಿಂದಲ್ಲ, ಬಾಯಿಯಿಂದಲೇ ಕುಡಿಯುತ್ತದೆ. ಮಕ್ಕಳು ಈ ವಿವರಗಳನ್ನು ಬಿಡದೆ ನೆನಪಿಟ್ಟುಕೊಳ್ಳುತ್ತಾರೆ. ತಮ್ಮಂತೆಯೇ ಕಲಿಯುತ್ತಿರುವ ಒಂದು ಜೀವ ಅವರಿಗೆ ಅಲ್ಲಿ ಕಾಣುತ್ತದೆ.

ದನಿ ನಿಜಕ್ಕೂ ದೂರ ಹೋಗುತ್ತದೆಯೇ? ಇದನ್ನು ಒರೆಗೆ ಹಚ್ಚಿದ್ದು ನಮೀಬಿಯಾದ ಎಟೋಷಾ ರಾಷ್ಟ್ರೀಯ ಉದ್ಯಾನದಲ್ಲಿ. ಒಣ ಬಯಲಿನ ನೀರಿನ ಹೊಂಡವೊಂದರ ಬಳಿ ಎತ್ತರದ ಅಟ್ಟ. ಅದರ ಮೇಲೆ ಕೂತವರು ನೀರಿಗೆ ಬರುವ ಆನೆಗಳನ್ನು ನೋಡುತ್ತಿರಬೇಕು. ಒಂದೆರಡು ಕಿಲೊಮೀಟರ್ ದೂರದಲ್ಲಿ, ಆನೆಗಳಿಗೆ ಕಾಣದ ಕಡೆ, ದೊಡ್ಡ ಧ್ವನಿವರ್ಧಕ ಹೊತ್ತ ವಾಹನ. ವಾಹನದವರು ಮುದ್ರಿಸಿಕೊಂಡಿದ್ದ ಆನೆಯ ಕೂಗನ್ನು ಹಾಕುತ್ತಿದ್ದರು. ಕೂಗು ಹೊರಟಾಗ ಹೊಂಡದ ಬಳಿಯ ಆನೆಗಳು ನೀರು ಕುಡಿಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಿದ್ದವು. ಕಿವಿ ಅಗಲಿಸಿ ಕಲ್ಲಿನಂತೆ ನಿಲ್ಲುತ್ತಿದ್ದವು. ಬೆದೆಗೆ ಬಂದ ಹೆಣ್ಣಿನ ಕೂಗನ್ನು ಹಾಕಿದಾಗ ಗಂಡಾನೆಗಳು ನೀರು ಬಿಟ್ಟು ಆ ದಿಕ್ಕಿಗೆ ನಡೆದು ಹೋದದ್ದೂ ಉಂಟು. 1.2 ಕಿಲೊಮೀಟರ್, 2 ಕಿಲೊಮೀಟರ್, ಎರಡೂ ದೂರದಿಂದ ಉತ್ತರ ಬಂತು. ಆನೆ ಜೋರಾಗಿ ಕೂಗುವ ಬಲದ ಅರ್ಧದಷ್ಟನ್ನೇ ಧ್ವನಿವರ್ಧಕ ಹೊರಡಿಸುತ್ತಿದ್ದುದರಿಂದ, ನಿಜವಾದ ಕೂಗು ಕಡಿಮೆಯೆಂದರೂ 4 ಕಿಲೊಮೀಟರ್ ಕೇಳಬೇಕು ಎಂದು ಅವರು ಲೆಕ್ಕ ಹಾಕಿದರು.

ಯಾಕೆ ಅಷ್ಟು ದೂರ ಹೋಗುತ್ತದೆ? 20 ಹರ್ಟ್ಸ್‌ನ ದನಿಯ ಒಂದು ಅಲೆ ಹದಿನೇಳು ಮೀಟರ್ ಉದ್ದ. ಮರದ ಕಾಂಡ, ಪೊದೆ, ಎಲೆಗಳು ಅಷ್ಟು ದೊಡ್ಡ ಅಲೆಯನ್ನು ಚದುರಿಸಲಾರವು. ಗಾಳಿಯೂ ಅದನ್ನು ಹೆಚ್ಚು ಹೀರುವುದಿಲ್ಲ. ಹಕ್ಕಿಯ ಚಿಲಿಪಿಲಿ ಕಾಡಿನಲ್ಲಿ ಬೇಗ ಕರಗುವಲ್ಲಿ ಆನೆಯ ಕೂಗು ಮುಂದೆ ಸಾಗುತ್ತದೆ. ಹೊತ್ತಿಗೂ ಇದರಲ್ಲಿ ಪಾಲಿದೆ. ಸಂಜೆ ನೆಲ ತಣ್ಣಗಾದಂತೆ ತಂಪು ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ನಿಲ್ಲುತ್ತದೆ. ದನಿ ಮೇಲಕ್ಕೆ ಚದುರಿ ಹೋಗದೆ ಈ ಪದರದ ಕೆಳಗೆ ಹರಿಯುತ್ತದೆ. ಹವಾಮಾನ ತಜ್ಞರ ಜೊತೆ ಸೇರಿ ಕೇಟಿ 1997ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಂಥ ಸಂಜೆಗಳಲ್ಲಿ ಕೂಗು 10 ಕಿಲೊಮೀಟರ್‌ವರೆಗೂ ತಲುಪಬಲ್ಲದು. ಕೂಗು ಕೇಳಿಸುವ ನೆಲದ ವಿಸ್ತಾರ ಹಗಲಿಗಿಂತ ಹತ್ತು ಪಟ್ಟು ಹಿಗ್ಗಬಲ್ಲದು. ಇವು ಆಫ್ರಿಕಾದ ಬಯಲಿನ ಅಂಕಿಗಳು. ಬೆಟ್ಟ ಕಣಿವೆಗಳ ನಮ್ಮ ಕಾಡಿನಲ್ಲಿ ದೂರ ಬೇರೆಯಾದೀತು, ಆದರೆ ಭೌತಶಾಸ್ತ್ರ ಒಂದೇ.

ಆವಿಷ್ಕಾರ ಅಲ್ಲಿಗೆ ಮುಗಿಯಲಿಲ್ಲ. ಒಂದು ಬಾಗಿಲು ತೆರೆದದ್ದೇ ಒಳಗೆ ಇನ್ನಷ್ಟು ಬಾಗಿಲುಗಳು ಕಂಡವು. ಎಟೋಷಾದಲ್ಲೇ ಕೈಟ್ಲಿನ್ ಒ’ಕಾನೆಲ್ ಎಂಬ ವಿಜ್ಞಾನಿ, ಆನೆಗಳು ಕೆಲವೊಮ್ಮೆ ಮುಂಗಾಲುಗಳ ಮೇಲೆ ಭಾರ ಹಾಕಿ, ಅಥವಾ ಒಂದು ಕಾಲನ್ನು ತುದಿಯ ಮೇಲೆ ನಿಲ್ಲಿಸಿ ಅಲುಗಾಡದೆ ನಿಲ್ಲುವುದನ್ನು ಗಮನಿಸಿದರು. ಆನೆಯ ಕೂಗು ಗಾಳಿಯಲ್ಲಿ ಹೋಗುವಂತೆ ನೆಲದೊಳಗೂ ನಡುಕವಾಗಿ ಹೋಗುತ್ತದೆ, ಅದನ್ನು ಆನೆಗಳು ಪಾದದಿಂದ ಗ್ರಹಿಸುತ್ತವೆ ಎಂದು ಅವರ ಪ್ರಯೋಗಗಳು ತೋರಿಸಿದವು. ಈ ದನಿ ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2012ರಲ್ಲಿ. ಬರ್ಲಿನ್ ಮೃಗಾಲಯದಲ್ಲಿ ಸಹಜವಾಗಿ ಸತ್ತ ಆನೆಯೊಂದರ ಗಂಟಲಿನ ಧ್ವನಿಪೆಟ್ಟಿಗೆಯನ್ನು ಕ್ರಿಶ್ಚಿಯನ್ ಹರ್ಬ್ಸ್ಟ್ ಮತ್ತು ಸಂಗಡಿಗರು ವಿಯೆನ್ನಾದ ಪ್ರಯೋಗಾಲಯದಲ್ಲಿಟ್ಟು ಅದರೊಳಗೆ ಗಾಳಿ ಊದಿದರು. ಆ ತಗ್ಗು ದನಿ ಬಂತು. ನಾವು ಹಾಡುವಾಗ ನಮ್ಮ ಗಂಟಲಿನ ತಂತುಗಳು ಹೇಗೆ ಕಂಪಿಸುತ್ತವೆಯೋ ಹಾಗೆಯೇ ಆನೆಯವೂ ಕಂಪಿಸುತ್ತವೆ. ಆನೆಯ ತಂತುಗಳು ಬಹಳ ಉದ್ದ, ಅದಕ್ಕೇ ದನಿ ಅಷ್ಟು ತಗ್ಗು.

2024ರಲ್ಲಿ ಬಂದ ಸುದ್ದಿಗೆ ಮಕ್ಕಳ ಕಣ್ಣು ಅರಳುತ್ತದೆ. ಮೈಕೆಲ್ ಪಾರ್ಡೊ ಮತ್ತು ಸಂಗಡಿಗರು ಕೆನ್ಯಾದ ಅಂಬೊಸೆಲಿ ಮತ್ತು ಸಾಂಬುರುವಿನಲ್ಲಿ ವರ್ಷಗಳ ಉದ್ದಕ್ಕೂ ಮುದ್ರಿಸಿದ್ದ 469 ಕೂಗುಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿದರು. ಯಾರಿಗೆ ಹೇಳಿದ ಕೂಗು ಎಂಬುದನ್ನು ಕೂಗಿನ ರಚನೆಯಿಂದಲೇ ಕೆಲಮಟ್ಟಿಗೆ ಊಹಿಸಲು ಸಾಧ್ಯವಾಯಿತು. ಆಮೇಲೆ ಹದಿನೇಳು ಆನೆಗಳಿಗೆ ಮುದ್ರಿತ ಕೂಗನ್ನು ಕೇಳಿಸಿದರು. ತನ್ನನ್ನು ಉದ್ದೇಶಿಸಿದ ಕೂಗಾದರೆ ಆನೆ ಬೇಗ ಓಗೊಟ್ಟು ಧ್ವನಿವರ್ಧಕದ ಕಡೆಗೆ ಬರುತ್ತಿತ್ತು; ಬೇರೆಯವರನ್ನು ಕರೆದದ್ದಾದರೆ ಅಷ್ಟಾಗಿ ಲಕ್ಷ್ಯ ಕೊಡುತ್ತಿರಲಿಲ್ಲ. ಆಫ್ರಿಕಾದ ಆನೆಗಳು ಒಬ್ಬರನ್ನೊಬ್ಬರು ಹೆಸರಿನಂಥದ್ದೇನನ್ನೋ ಹಿಡಿದು ಕರೆಯುತ್ತವೆ ಎಂಬುದು ಅವರ ತೀರ್ಮಾನ. 1984ರಲ್ಲಿ ಇಬ್ಬರ ನಡುವೆ ಮಾತಿದೆ ಎಂದಷ್ಟೇ ತಿಳಿದಿತ್ತು. ನಲವತ್ತು ವರ್ಷಗಳಲ್ಲಿ, ಆ ಮಾತಿನೊಳಗೆ ಯಾರ ಹೆಸರಿದೆ ಎಂದು ಹುಡುಕುವ ತನಕ ಬಂದಿದ್ದೇವೆ.

ಕೇಟಿ ಪೇನ್ 1999ರಲ್ಲಿ ಕಾರ್ನೆಲ್‌ನಲ್ಲಿ ಆನೆಗಳ ದನಿ ಆಲಿಸುವುದಕ್ಕೆಂದೇ ಒಂದು ಯೋಜನೆ ಆರಂಭಿಸಿದರು. ಮಧ್ಯ ಆಫ್ರಿಕಾದ ದಟ್ಟ ಕಾಡಿನಲ್ಲಿ ಆನೆಗಳು ಕಣ್ಣಿಗೆ ಬೀಳುವುದೇ ಕಷ್ಟ. ಮರದ ಮೇಲೆ ಧ್ವನಿಮುದ್ರಕಗಳನ್ನು ಕಟ್ಟಿ, ಕೂಗುಗಳಿಂದಲೇ ಅವುಗಳ ಇರವನ್ನು ಅಂದಾಜು ಮಾಡುತ್ತಾರೆ. ಕಳ್ಳಬೇಟೆಯವರ ಗುಂಡಿನ ಸದ್ದನ್ನೂ ಅದೇ ಯಂತ್ರಗಳು ಹಿಡಿದುಕೊಡುತ್ತವೆ. ಆಲಿಸಲು ಕಲಿತದ್ದು ಹೀಗೆ ಕಾಪಾಡುವ ಕೆಲಸಕ್ಕೂ ಬಂತು.

ಈ ಕತೆ ನಮ್ಮ ಮಕ್ಕಳಿಗೆ ದೂರದ್ದಲ್ಲ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಕಾಡಾನೆಗಳಿದ್ದವು. ಸಕಲೇಶಪುರ, ಆಲೂರು, ಕೊಡಗು, ಹನೂರಿನ ಕಡೆಯ ಎಷ್ಟೋ ಮಕ್ಕಳಿಗೆ ಆನೆಯೆಂದರೆ ರಾತ್ರಿ ತೋಟಕ್ಕೆ ನುಗ್ಗುವ ಭಯ. ಬೆಂಗಳೂರಿನ ಮಗುವಿಗೆ ಆನೆಯೆಂದರೆ ದಸರೆಯ ಮೆರವಣಿಗೆ, ಇಲ್ಲವೇ ದುಬಾರೆ, ಸಕ್ರೆಬೈಲಿನ ಶಿಬಿರದಲ್ಲಿ ಸ್ನಾನ ಮಾಡಿಸಿಕೊಳ್ಳುವ ದೊಡ್ಡ ಮೈ. ಭಯವೂ ನಿಜ, ಬೆರಗೂ ನಿಜ. ಆದರೆ ಎರಡರಲ್ಲೂ ಆನೆಯ ಮನೆ ಕಾಣುವುದಿಲ್ಲ. ತೋಟದ ಅಂಚಿನಲ್ಲಿ ನಿಂತದ್ದು ಮರಿಗಳನ್ನು ನಡುವೆ ಇಟ್ಟುಕೊಂಡ ಒಂದು ಸಂಸಾರ, ಅದರ ಹಿಂದೆ ದಾರಿ ಬಲ್ಲ ಒಬ್ಬ ಅಜ್ಜಿ ಇದ್ದಾಳೆ ಎಂದು ತಿಳಿದ ಮಗು ಭಯವನ್ನು ಬಿಡಬೇಕಿಲ್ಲ. ದೂರ ಕಾಯ್ದುಕೊಳ್ಳುವುದು ಯಾಕೆ ಎಂದು ಅದಕ್ಕೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮರಿ ಜೊತೆಗಿರುವಾಗ ಹತ್ತಿರ ಹೋದರೆ ಇಡೀ ಮನೆಯೇ ಎದ್ದು ಬರುತ್ತದೆ.

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ದಂಡೆಯಲ್ಲಿ ಎಳೆ ಹುಲ್ಲು ಚಿಗುರಿದಾಗ ಆನೆಗಳು ಹಿಂಡು ಹಿಂಡಾಗಿ ಬಂದು ಸೇರುತ್ತವೆ. ಸಫಾರಿಗೆ ಮಕ್ಕಳನ್ನು ಕರೆದುಕೊಂಡು ಹೋದವರು ಫೋಟೊ ತೆಗೆಯುವ ಮೊದಲು ಮಕ್ಕಳಿಗೆ ಕೆಲಸ ಕೊಡಬಹುದು. ಅಜ್ಜಿ ಯಾರಿರಬಹುದು? ಮೊದಲು ಹೆಜ್ಜೆ ಎತ್ತಿದವರು ಯಾರು? ಎಲ್ಲರೂ ಒಂದೇ ಸಲ ಮೇಯುವುದನ್ನು ನಿಲ್ಲಿಸಿದರೆ ಯಾಕಿರಬಹುದು? ಹತ್ತಿರದಲ್ಲಿದ್ದರೆ ಹಣೆಯನ್ನು ನೋಡಿ, ಸೊಂಡಿಲಿನ ಬುಡದ ಚರ್ಮ ಅದುರುತ್ತಿದೆಯೇ? ಐದು ವರ್ಷದ ಮಗು ಕೇಳಬಲ್ಲ ಈ ಪ್ರಶ್ನೆಗಳನ್ನೇ ವಿಜ್ಞಾನಿಗಳೂ ಕೇಳಿದ್ದು. ಮೃಗಾಲಯವಾದರೂ ಸರಿ, ಆನೆಯ ಮುಂದೆ ಹತ್ತು ನಿಮಿಷ ಗದ್ದಲವಿಲ್ಲದೆ ನಿಲ್ಲುವುದೇ ಪಾಠ.

ಇನ್ನು ದೊಡ್ಡವರ ಪಾಲಿನ ಪಾಠ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು ಬಂದ ಕ್ರಮ ಅದು. ಆದರೆ ಆನೆಯ ಕೂಗು ಅತಿ ದೂರ ಹೋಗುವುದು ಸಂಜೆಯಿಂದ ಮುಂದಿನ ಹೊತ್ತಿನಲ್ಲಿ ಎಂದು ತಿಳಿದಮೇಲೆ ರಾತ್ರಿಯ ಆ ನಿಶ್ಶಬ್ದಕ್ಕೆ ಇನ್ನೊಂದು ಬೆಲೆಯೂ ಕಾಣುತ್ತದೆ. ಲಾರಿ, ಯಂತ್ರ, ಗಣಿಗಳ ಮೊರೆತವೂ ಬಹುಪಾಲು ತಗ್ಗು ದನಿಯದೇ. ಕಾಡಿನ ನಡುವಿನ ರಸ್ತೆ, ಆನೆ ದಾರಿಗೆ ಅಡ್ಡಲಾಗಿ ಎದ್ದ ರೆಸಾರ್ಟು ಇವು ಆನೆಗಳ ನಡಿಗೆಯನ್ನಷ್ಟೇ ಅಲ್ಲ, ಒಂದು ಹಿಂಡು ಇನ್ನೊಂದನ್ನು ವಿಚಾರಿಸುವ ದಾರಿಯನ್ನೂ ಮುಚ್ಚಬಲ್ಲವು. ಇಂದು ಆನೆಯ ಪರಿಚಯ ಮಾಡಿಕೊಳ್ಳುವ ಮಗು ಇಪ್ಪತ್ತು ವರ್ಷಗಳಲ್ಲಿ ಇಂಥ ರಸ್ತೆಯ, ಇಂಥ ರೆಸಾರ್ಟಿನ ಬಗ್ಗೆ ಅಭಿಪ್ರಾಯ ಹೇಳುವ ಪ್ರಜೆಯಾಗುತ್ತದೆ. ಆನೆಯೆಂದರೆ ದೊಡ್ಡ ಪ್ರಾಣಿ ಎಂದಷ್ಟೇ ಕಲಿತಿದ್ದರೆ ಅದು ಆನೆಗೆ ಎಷ್ಟು ಎಕರೆ ಸಾಕು ಎಂದು ಕೇಳೀತು. ಆನೆಗೆ ಮನೆಮಂದಿಯಿದ್ದಾರೆ, ಅವರ ನಡುವೆ ಮಾತಿದೆ ಎಂದು ಕಲಿತಿದ್ದರೆ, ಈ ಹಿಂಡಿನವರು ಆ ಕಾಡಿನವರಿಗೆ ಇನ್ನೂ ಕೇಳಿಸುತ್ತಾರೆಯೇ, ಅವರನ್ನು ಹೋಗಿ ಸೇರಬಲ್ಲರೇ ಎಂದು ಕೇಳುತ್ತದೆ. ಅಂಥ ಪ್ರಶ್ನೆ ಕೇಳುವವರು ಹೆಚ್ಚಾಗಬೇಕೆಂದೇ ಈ ಕತೆಯನ್ನು ಮನೆ ಮನೆಯಲ್ಲಿ, ಶಾಲೆ ಶಾಲೆಯಲ್ಲಿ ಮಕ್ಕಳಿಗೆ ಹೇಳಬೇಕು.